ಪಾಲಹಳ್ಳಿಯ ಮಟ್ಟಿಯಲ್ಲಿ ನನ್ನ ಫ್ಲ್ಯಾಶ್

ನನ್ನ ಬಲಗಿವಿಯ ಮೇಲೆ ಬಿದ್ದ ಮೊದಲ ಏಟು ಯಾರದೆಂದು ನನಗೆ ಇಂದಿಗೂ ತಿಳಿಯದು. ಎರಡನೆಯದು ನೆನಪಿದೆ. ಅದು ನನ್ನದೇ ಲೈಟ್ ಸ್ಟ್ಯಾಂಡಿನಿಂದ ಬಿತ್ತು. ಮೂರು ಕಾಲನ್ನೂ ಮಡಚದೆ ಹಾಗೇ ಎತ್ತಿ ಬೀಸಿದ್ದರು. ನಾನು ಪಾಲಹಳ್ಳಿಯ ಕುಸ್ತಿ ಮಟ್ಟಿಯೊಳಗೆ ಮುಖ ಅಡಿಯಾಗಿ ಬಿದ್ದೆ. ಬಾಯಿಗೆ ಕೆಮ್ಮಣ್ಣು ಬಂತು. ಅದರಲ್ಲಿ ಎಣ್ಣೆಯ, ಅರಿಶಿನದ ರುಚಿಯಿತ್ತು. ಆಮೇಲೆ ನನ್ನ ರಕ್ತದ್ದೂ ಸೇರಿತು.

ಆಗ ನನಗೆ ಮೂವತ್ತೊಂಬತ್ತು ವರ್ಷ. ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನನ್ನದು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಎಂಟು ತಿಂಗಳಾಗಿತ್ತು. ಕಲಿಸುತ್ತಿದ್ದವರು ಶ್ರೀರಂಗಪಟ್ಟಣದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬ ಸಾಹೇಬರು. ಜೀವನವೆಲ್ಲ ಮದುವೆ ಫೋಟೋ ತೆಗೆದು ಕಣ್ಣು ಮಂಜಾದವರು. ಒಂದು ಭಾನುವಾರ ಅವರು ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಿ ನನ್ನ ಫೋಟೋ ತೆಗೆದರು. ನನ್ನ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಚಪ್ಪಟೆಯಾಗಿ ಬಂತು. ಅದೇ ಫ್ಲ್ಯಾಶನ್ನು ಬಿಚ್ಚಿ ಪಕ್ಕದ ಸ್ಟೂಲಿನ ಮೇಲಿಟ್ಟು, ನಡುವೆ ಒಂದು ವೈರೂ ಇಲ್ಲದೆ ಮಿಂಚಿಸಿದರು. ಕೆನ್ನೆಯ ಮೂಳೆ, ಹಣೆಯ ಗೆರೆ, ಮೂಗಿನ ನೆರಳು ಎಲ್ಲ ಎದ್ದು ಬಂದವು. ಅದು ನಾನೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

"ಎರಡು ದಾರಿ ಅದೆ ನೋಡಪ್ಪಾ," ಎಂದರು ಸಾಹೇಬರು. "ಒಂದು ರೇಡಿಯೋ ಟ್ರಿಗರ್. ಕ್ಯಾಮೆರಾ ಮೇಲೊಂದು ಡಬ್ಬಿ, ಫ್ಲ್ಯಾಶ್ ಕೆಳಗೊಂದು ಡಬ್ಬಿ. ಅದು ನಿನ್ ಮಾತು ಮಾತ್ರ ಕೇಳ್ತದೆ. ಇನ್ನೊಂದು ಸ್ಲೇವ್ ಮೋಡ್. ಅದ್ರಲ್ಲಿ ಫ್ಲ್ಯಾಶ್‌ಗೇ ಒಂದು ಕಣ್ಣಿರ್ತದೆ. ಬೇರೆ ಫ್ಲ್ಯಾಶ್ ಮಿಂಚಿದ್ದು ಕಂಡ್ರೆ ತಾನೂ ಮಿಂಚ್ತದೆ. ಜನ ಇರೋ ಕಡೆ ಅದು ಬ್ಯಾಡ. ಯಾರ್ ಕರೆದ್ರೂ ಓ ಅಂತದೆ. ಸಮ್ಜಾ?"

ತಿಳಿಯಿತು ಎಂದೆ. ತಿಳಿದಿತ್ತು ಕೂಡ.

ಮುಂದಿನ ತಿಂಗಳು ಪಾಲಹಳ್ಳಿಯ ಗದ್ದೆ ಬಯಲಲ್ಲಿ ಕುಸ್ತಿ ಇಟ್ಟಿದ್ದರು. ಮಧ್ಯಾಹ್ನದ ಬಿಸಿಲು, ಮೇಲೆ ಶಾಮಿಯಾನ. ನೆರಳಲ್ಲಿದ್ದ ಪೈಲ್ವಾನರೆಲ್ಲ ಹೊರಗಿನ ಬೆಳಕಿಗೆ ಅಡ್ಡ ನಿಂತು ಕಪ್ಪಾಗಿ ಕಾಣುತ್ತಿದ್ದರು. ನಾನು ಸ್ಟ್ಯಾಂಡನ್ನು ಮಟ್ಟಿಯ ಅಂಚಿಗೇ ತಂದು ನಿಲ್ಲಿಸಿ, ಫ್ಲ್ಯಾಶನ್ನು ಪೂರ್ತಿ ಶಕ್ತಿಗೆ ಇಟ್ಟೆ. ಎರಡು ಜೋಡಿಯ ಕುಸ್ತಿ ಚೆನ್ನಾಗಿ ಬಂತು. ಬೆವರಿನ ಒಂದೊಂದು ಹನಿ ಕಾಣುತ್ತಿತ್ತು. ಮೂರನೆಯ ಜೋಡಿ ಇಳಿಯುವಾಗ ಟ್ರಿಗರ್ ಸತ್ತುಹೋಯಿತು. ಎಷ್ಟು ಒತ್ತಿದರೂ ಫ್ಲ್ಯಾಶ್ ಹೊತ್ತಲಿಲ್ಲ. ನಾನು ಓಡಿಹೋಗಿ ಅದನ್ನು ಸ್ಲೇವ್ ಮೋಡಿಗೆ ಹಾಕಿದೆ. ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶ್ ಮಿಂಚಿದರೆ ದೊಡ್ಡದೂ ಮಿಂಚುತ್ತದೆಂಬ ಲೆಕ್ಕ. ಸಾಹೇಬರ ಮಾತು ಮರೆತಿರಲಿಲ್ಲ. ಒಂದೇ ಜೋಡಿ ತಾನೇ ಅಂದುಕೊಂಡೆ.

ಆ ಜೋಡಿಯಲ್ಲಿ ಒಬ್ಬ ಕೆ.ಆರ್. ಪೇಟೆಯ ಪೈಲ್ವಾನ, ಇನ್ನೊಬ್ಬ ದೇವಲಾಪುರದವನು. ದೇವಲಾಪುರದವನ ಕಡೆ ಜನ ಹೆಚ್ಚು. ಅವನು ಎದುರಾಳಿಯ ಕತ್ತಿಗೆ ಕೈ ಹಾಕಿ ಎಳೆದು, ತಿರುಗಿ, ನನ್ನ ಸ್ಟ್ಯಾಂಡಿನ ಕಡೆಗೆ ಮುಖ ಮಾಡಿದ. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದೆ, ಬೆರಳು ಇನ್ನೂ ಒತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಫ್ಲ್ಯಾಶ್ ಧಗ್ ಎಂದಿತು. ಅವನು ಕಣ್ಣು ಮುಚ್ಚಿದ. ಕೆ.ಆರ್. ಪೇಟೆಯವನು ಅವನನ್ನು ಎತ್ತಿ ಒಗೆದ. ಹೆಗಲ ಮೂಳೆ ಮುರಿದದ್ದು ಹಸಿ ಕಬ್ಬು ಮುರಿದ ಹಾಗೆ ನನಗೆ ಕೇಳಿಸಿತು. ಆಮೇಲೆ ಅವನ ಕೂಗು.

"ಲೈಟ್ ಬುಟ್ಟೋನು ಇವ್ನೇ ಕಣ್ಲಾ! ಇಡ್ಕಳ್ರಲಾ!"

"ನಾನ್ ಒತ್ಲಿಲ್ಲ ಕಣ್ರಪ್ಪಾ" ಎಂದೆ. ಎರಡು ಸಲ ಹೇಳಿದ್ದಿರಬೇಕು. ಏಟು ಬಿದ್ದು ಕೆಳಗುರುಳಿದ ಮೇಲೆ ಪಕ್ಕೆಗೆ, ಬೆನ್ನಿಗೆ ಕಾಲುಗಳು ಬಂದವು. ಕ್ಯಾಮೆರಾವನ್ನು ಹೊಟ್ಟೆಯಡಿಗೆ ಎಳೆದುಕೊಳ್ಳುವಾಗ ನನ್ನ ಎಡಗೈಯನ್ನು ಯಾರೋ ಹಿಮ್ಮಡಿಯಲ್ಲಿ ತುಳಿದರು, ಎರಡು ಬೆರಳು ಮುರಿದವು. ಸ್ಟ್ಯಾಂಡಿನಿಂದ ಕಳಚಿಬಿದ್ದ ಫ್ಲ್ಯಾಶ್ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಅದು ಮತ್ತೆ ಮಿಂಚಿತು. ಕೆಲವು ಕ್ಷಣ ಬಿಟ್ಟು ಮತ್ತೊಮ್ಮೆ. ಆಗ ಗೊತ್ತಾಯಿತು. ಮಟ್ಟಿಯ ಆಚೆ ಅಂಚಿನಲ್ಲಿ ಕುಸ್ತಿಯವರು ಕರೆಸಿದ್ದ ನಾಗಮಂಗಲದ ಫೋಟೋಗ್ರಾಫರ್ ನಿಂತಿದ್ದ. ನನ್ನನ್ನು ತುಳಿಯುವುದನ್ನು ಅವನು ಫೋಟೋ ತೆಗೆಯುತ್ತಿದ್ದ. ಅವನ ಫ್ಲ್ಯಾಶ್ ಮಿಂಚಿದಾಗಲೆಲ್ಲ ನನ್ನದು ಓ ಅನ್ನುತ್ತಿತ್ತು. ಪ್ರತಿ ಮಿಂಚಿಗೂ ಜನ ಇನ್ನಷ್ಟು ಕೆರಳಿದರು.

ಬಿಡಿಸಿದವನು ಗೆದ್ದಿದ್ದ ಪೈಲ್ವಾನ. "ಸಾಯಿಸ್ಬುಡ್ತೀರಾ? ಬುಡ್ರಲಾ!" ಎನ್ನುತ್ತಾ ಇಬ್ಬರನ್ನು ಕತ್ತು ಹಿಡಿದು ಆಚೆ ತಳ್ಳಿ, ನನ್ನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಆಟೋವರೆಗೆ ಓಡಿದ. ಅವನ ಬೆನ್ನ ಮೇಲೆಲ್ಲ ನನ್ನ ಕಿವಿಯ ರಕ್ತ.

ಮೂರು ವಾರದ ಮೇಲೆ, ಕೈಗೆ ಪಟ್ಟಿ ಕಟ್ಟಿಕೊಂಡೇ ದೇವಲಾಪುರಕ್ಕೆ ಹೋದೆ. ಹೋಗಬೇಡ ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಆ ಪೈಲ್ವಾನ ಜಗುಲಿಯ ಮೇಲೆ ಬಲಗೈಯನ್ನು ಕೊರಳಿಗೆ ಜೋತುಹಾಕಿಕೊಂಡು ಕೂತಿದ್ದ. ಅಷ್ಟು ದೊಡ್ಡ ಮೈ ಒಂದು ಕಡೆಗೆ ವಾಲಿತ್ತು.

"ಬಟನ್ ಒತ್ತಿದ್ದು ನೀನೇಯಾ?" ಎಂದ.

ಇಲ್ಲ ಎಂದಿದ್ದರೆ ಅದು ಸತ್ಯವೇ. ಮೂರು ವಾರದಿಂದ ಅದನ್ನೇ ಹೇಳಲು ತಯಾರಾಗಿದ್ದೆ.

"ಒತ್ಲಿಲ್ಲ. ಆದ್ರೆ ಲೈಟು ನಂದೇ. ಜನ ಇರೋ ಕಡೆ ಅಂಗೆ ಮಡಗಬ್ಯಾಡ ಅಂತ ನಮ್ ಗುರುಗಳು ಹೇಳಿದ್ರು. ನಾನು ಮಡಗ್ದೆ."

ಅವನು ಎದ್ದು ಎಡಗೈಯಲ್ಲಿ ಕೆನ್ನೆಗೆ ಬಾರಿಸಿದ. ಜಗುಲಿಯ ಕಂಬ ಹಿಡಿದುಕೊಂಡೆ. ಒಳಗಿಂದ ಅವನ ತಾಯಿ ಓಡಿಬಂದು, "ಮನೆ ಬಾಗ್ಲಿಗೆ ಬಂದೋರ್ ಮೇಲೆ ಕೈ ಮಾಡ್ತೀಯೇನ್ಲಾ!" ಎಂದು ಅವನ ಬೆನ್ನಿಗೊಂದು ಗುದ್ದಿದರು. ಅವನು ನೋವಿಗೆ ಹಲ್ಲು ಕಚ್ಚಿ ಕೂತ.

"ನಾನ್ ಬಿದ್ದಿದ್ದು ಫೋಟೋದಲ್ಲಿ ಬಂದದಾ?" ಎಂದು ಕೊನೆಗೆ ಕೇಳಿದ.

"ನನ್ನತ್ರ ಇಲ್ಲ. ನಾಗಮಂಗಲದವನತ್ರ ಇರ್ಬೋದು."

"ತಂದ್ಕೊಡು. ಎಲ್ ತಪ್ದೆ ಅಂತ ನೋಡ್ಬೇಕು."

ನಾಗಮಂಗಲದ ಅಂಗಡಿಗೆ ನಾನು ಹೋದದ್ದು ಬ್ಯಾಗಿನಲ್ಲಿ ಹದಿನೇಳನೇ ನಂಬರಿನ ಸ್ಪ್ಯಾನರ್ ಇಟ್ಟುಕೊಂಡು. ಸುಳ್ಳು ಯಾಕೆ, ಹೊಡೆಯುವುದಕ್ಕೇ ಇಟ್ಟುಕೊಂಡಿದ್ದೆ. ಅವನು ನನ್ನನ್ನು ಕಂಡವನೇ ಕುರ್ಚಿಯಿಂದ ಎದ್ದ.

"ನಿಮ್ದೂ ಹೊತ್ಕತದೆ ಅಂತ ನಂಗೇನಣ್ಣ ಗೊತ್ತು?"

"ನನ್ನ ತುಳೀವಾಗ್ಲೂ ಒತ್ತಿದ್ಯಲ್ಲಾ, ಆಗ್ಲೂ ಗೊತ್ತಿರ್ಲಿಲ್ವಾ?"

ನಾನು ಸ್ಪ್ಯಾನರ್ ಎತ್ತಿ ಬೀಸಿದೆ. ಕೊನೆಯ ಗಳಿಗೆಯಲ್ಲಿ ಕೈ ಪಕ್ಕಕ್ಕೆ ವಾಲಿತೋ, ನಾನೇ ವಾಲಿಸಿದೆನೋ, ಕೌಂಟರಿನ ಗಾಜು ಪುಡಿಯಾಯಿತು. ಫ್ರೇಮಿನಲ್ಲಿದ್ದ ಮದುಮಕ್ಕಳ ಮೇಲೆಲ್ಲ ಚೂರು. ಸ್ಪ್ಯಾನರ್ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಪಾಲಹಳ್ಳಿಯಲ್ಲಿ ನನ್ನನ್ನು ಹೊಡೆದವರ ಕೈ ಹೇಗಿತ್ತೆಂದು ಆವತ್ತು ನನಗೆ ತಿಳಿಯಿತು. ದೇವಲಾಪುರದವನು ಬಿದ್ದ ಫೋಟೋ ಬೇಕೆಂದೆ. ಅವನು ಕಂಪ್ಯೂಟರಿನ ಮುಂದೆ ಕೂತು, ಅದನ್ನು ಹುಡುಕಿ, ದೊಡ್ಡದಾಗಿ ಪ್ರಿಂಟ್ ತೆಗೆದು ಕೊಟ್ಟ. ಗಾಜಿನ ಖರ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಎರಡು ಫ್ಲ್ಯಾಶ್ ಒಟ್ಟಿಗೆ ಮಿಂಚಿದ್ದರಿಂದ ಫೋಟೋ ಕೆತ್ತಿದ ಹಾಗೆ ಬಂದಿತ್ತು. ನನ್ನ ಬೆಳಕು ಹೊತ್ತಿದ ಆ ಕ್ಷಣವೇ ಅದರಲ್ಲಿತ್ತು, ಅದಕ್ಕಿಂತ ಮುಂಚೆಯೂ ಅಲ್ಲ, ಆಮೇಲೆಯೂ ಅಲ್ಲ. ದೇವಲಾಪುರದವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎಡಗಾಲಿನ ಮೇಲೆ ಬೆರಳಿಟ್ಟ. ಹಿಮ್ಮಡಿ ಮಣ್ಣಿನಿಂದ ಎದ್ದಿತ್ತು.

"ಲೈಟ್ ಬರೋ ಒತ್ಗೆ ಕಾಲು ಆಗ್ಲೇ ಎದ್ದದೆ," ಎಂದ.

ನನ್ನ ಎದೆಯಿಂದ ಏನೋ ಇಳಿದ ಹಾಗಾಯಿತು. ಅವನು ಅದನ್ನು ಗಮನಿಸಿದನೋ ಏನೋ, ತಲೆಯೆತ್ತಿ ನೋಡಿದ.

"ಸೋಲೋದು ಸೋಲ್ತಿದ್ದೆ ಬುಡು. ಆದ್ರೆ ಕಣ್ಣು ಮುಚ್ದೆ ಇದ್ದಿದ್ರೆ ಬೀಳೋ ತರ ಬೀಳ್ತಿದ್ದೆ. ಹೆಗಲು ಉಳೀತಿತ್ತು."

ಅವನು ಫೋಟೋವನ್ನು ತಾಯಿಯ ಕೈಗೆ ಕೊಟ್ಟು ಅಂಗಳಕ್ಕೆ ಇಳಿದ. "ಬಾ ಇಲ್ಲಿ, ಇಂಗ್ ನಿಂತ್ಕಳಣ್ಣಾ," ಎಂದು ನನ್ನನ್ನು ಎದುರಿಗೆ ನಿಲ್ಲಿಸಿ, ಒಳ್ಳೆಯ ಕೈಯಿಂದ ನನ್ನ ಕತ್ತನ್ನು ಹಿಡಿದು, ಎಡಗಾಲನ್ನು ಎಲ್ಲಿ ಊರಬೇಕಿತ್ತೆಂದು ಮಣ್ಣಿನಲ್ಲಿ ಒತ್ತಿ ತೋರಿಸತೊಡಗಿದ. ನನ್ನ ಪಕ್ಕೆ ಇನ್ನೂ ನೋಯುತ್ತಿತ್ತು. ನಾನು ಅಲುಗಾಡದೆ ನಿಂತೆ.