ಕಪ್ಪು ಪರದೆಯನ್ನು ಮುಚ್ಚಿದ್ದು

ಆ ದಿನದ ಡೈರಿಯಲ್ಲಿ ಎರಡೇ ಸಾಲುಗಳಿವೆ. ಹೊಳಲ್ಕೆರೆಯಲ್ಲಿ ತಂಗಿಯ ಸೀಮಂತ, ಊಟ ಚೆನ್ನಾಗಿತ್ತು. ಹಿರಿಯೂರಿನ ಆಸ್ಪತ್ರೆಯಲ್ಲಿ ಡೇಟಾಬೇಸ್ ನಿಂತಿತ್ತು, ಮಧ್ಯಾಹ್ನ ಸರಿ ಮಾಡಿದೆ. ಎರಡೂ ಸುಳ್ಳಲ್ಲ. ಆದರೂ ಆ ಪುಟ ಸಿಕ್ಕಾಗಲೆಲ್ಲ ಬೇಗ ಮಗುಚುತ್ತೇನೆ.

ನಾನು ಹೊಸದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಹಿರಿಯೂರಿನ ಸಣ್ಣದೊಂದು ಖಾಸಗಿ ಆಸ್ಪತ್ರೆಯ ಲ್ಯಾಬಿಗೆ, ರೋಗಿಗಳ ರಕ್ತಪರೀಕ್ಷೆಯ ವರದಿಗಳನ್ನು ಇಟ್ಟುಕೊಳ್ಳಲು ತಂತ್ರಾಂಶ ಹಾಕಿಕೊಟ್ಟವಳು ನಾನೇ. ವರದಿಗಳೆಲ್ಲ ಕೌಂಟರಿನ ಕಂಪ್ಯೂಟರಿನಲ್ಲಿರುವ ಡೇಟಾಬೇಸಿನಲ್ಲಿರುತ್ತಿದ್ದವು. ಬೆಳಿಗ್ಗೆ ಯಾರಾದರೂ ಅದರಲ್ಲಿದ್ದ ಒಂದು ಪುಟ್ಟ ಚಿತ್ರದ ಮೇಲೆ ಮೌಸಿನಿಂದ ಎರಡು ಸಲ ಒತ್ತಿದರೆ ಕಪ್ಪು ಪರದೆಯೊಂದು ತೆರೆದುಕೊಂಡು ಡೇಟಾಬೇಸ್ ಶುರುವಾಗುತ್ತಿತ್ತು. ಆ ಪರದೆ ತೆರೆದಿರುವವರೆಗೆ ಮಾತ್ರ ಅದಕ್ಕೆ ಜೀವ.

ಹಾಗೆ ಇರಬೇಕಾಗಿರಲಿಲ್ಲ. ಅದನ್ನು ಸರ್ವಿಸ್ ಆಗಿ ಮಾಡಿಬಿಟ್ಟರೆ ಕಂಪ್ಯೂಟರ್ ಆನ್ ಆದೊಡನೆ ಅದು ಹಿನ್ನೆಲೆಯಲ್ಲಿ ತಾನಾಗಿ ಏಳುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರು ಬಂದರೂ ಹೋದರೂ ನಿಲ್ಲುವುದಿಲ್ಲ, ನಿಂತರೆ ಮತ್ತೆ ತಾನೇ ಏಳುತ್ತದೆ. ಇಪ್ಪತ್ತು ನಿಮಿಷದ ಕೆಲಸ. ತರಗತಿಯಲ್ಲಿ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಎರಡು ವರ್ಷ ಮಾಡಲಿಲ್ಲ. ಬಿಡುವಿರಲಿಲ್ಲ ಎಂದು ಹೇಳಿಕೊಂಡಿದ್ದೇನೆ. ಈಗ ಅನ್ನಿಸುವುದು ಬೇರೆ. ವಾರಕ್ಕೊಮ್ಮೆಯಾದರೂ ಫೋನ್ ಬಂದು, ಮೇಡಂ ಇಲ್ಲದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ ಎಂದು ಡಾಕ್ಟರು ಹೇಳುವುದು ನನಗೆ ಇಷ್ಟವಾಗುತ್ತಿತ್ತು.

ಬೆಳಿಗ್ಗೆ ಆ ಪರದೆ ತೆರೆಯುತ್ತಿದ್ದವರು ಒಬ್ಬ ಅಕ್ಕ. ಐಮಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಓದಿದ್ದು ಏಳನೆಯ ತರಗತಿಯವರೆಗೆ. ಆಯಾ ಆಗಿ ಸೇರಿದವರು, ಕೌಂಟರಿನ ಹುಡುಗಿ ಮದುವೆಯಾಗಿ ಹೋದ ಮೇಲೆ ಒಂದೊಂದೇ ಅಕ್ಷರ ಹುಡುಕಿ ರೋಗಿಗಳ ಹೆಸರು ಟೈಪ್ ಮಾಡಲು ಕಲಿತು ಆ ಕುರ್ಚಿಗೆ ಬಂದಿದ್ದರು. ಕೂರುವ ಮೊದಲು ಚಪ್ಪಲಿಯನ್ನು ಬಾಗಿಲಾಚೆ ಬಿಡುತ್ತಿದ್ದರು. ಲ್ಯಾಬ್ ಟೆಕ್ನಿಷಿಯನ್ ಅವರನ್ನು ರೇಗಿಸುವುದಿತ್ತು.

"ಏನಕ್ಕ, ನಿನ್ನ ಮಗನ್ನ ಎಬ್ಸಿದ್ಯಾ?"

"ಅದು ಆಗ್ಲೇ ಎದ್ ಕುಂತೈತೆ. ನೀವು ಮೊದ್ಲು ಮುಖ ತೊಳ್ಕಂಡ್ ಬರ್ರಿ."

ಸೀಮಂತದ ದಿನ ಬೆಳಿಗ್ಗೆ ಹೊಳಲ್ಕೆರೆಯಲ್ಲಿ, ಹೆಂಗಸರೆಲ್ಲ ಹೂವು ಕಟ್ಟುತ್ತಿದ್ದಾಗ, ನಾನು ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆಸ್ಪತ್ರೆಯ ಕಂಪ್ಯೂಟರಿಗೆ ದೂರದಿಂದಲೇ ಸೇರಿಕೊಂಡೆ. ವರದಿಯ ತಲೆಬರಹದಲ್ಲಿ ಒಂದು ಅಕ್ಷರ ತಿದ್ದಬೇಕಿತ್ತು. ತಿದ್ದಿದೆ. ಎದ್ದು ಹೋಗುವ ಮುಂಚೆ ಲಾಗ್ ಔಟ್ ಮಾಡಿದೆ. ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಅದು, ಏಳುವ ಮುಂಚೆ ಲಾಗ್ ಔಟ್ ಆಗಿ. ಬೆರಳು ತಾನಾಗಿ ಹೋಯಿತು. ಆ ಕಂಪ್ಯೂಟರಿನಲ್ಲಿ ನಾನೂ ಅಕ್ಕನೂ ಒಂದೇ ಖಾತೆ ಬಳಸುತ್ತಿದ್ದೆವು. ಆ ಖಾತೆಯಿಂದ ಹೊರಬಂದರೆ ಅದರಲ್ಲಿ ತೆರೆದದ್ದೆಲ್ಲ ಮುಚ್ಚಿಹೋಗುತ್ತದೆ, ಕಪ್ಪು ಪರದೆಯೂ.

ಅಕ್ಕ ಮತ್ತೆ ಶುರುಮಾಡಲು ನೋಡಿದ್ದಾರೆ, ಆಗಿಲ್ಲ. ಡೇಟಾಬೇಸ್ ಥಟ್ಟನೆ ನಿಂತಾಗ ಸಣ್ಣ ಗುರುತಿನ ಫೈಲೊಂದು ಉಳಿದುಕೊಂಡಿತ್ತು. ಅದನ್ನು ಅಳಿಸುವವರೆಗೆ ಡೇಟಾಬೇಸ್ ತಾನು ಇನ್ನೂ ಓಡುತ್ತಿದ್ದೇನೆ ಎಂದೇ ಎಣಿಸಿ ಏಳುತ್ತಿರಲಿಲ್ಲ. ಅವರು ನನಗೆ ಹನ್ನೊಂದು ಸಲ ಫೋನ್ ಮಾಡಿದ್ದರು. ಫೋನ್ ಕೋಣೆಯಲ್ಲೇ ಬ್ಯಾಗಿನೊಳಗಿತ್ತು, ನಾನು ಪಂಕ್ತಿಯಲ್ಲಿದ್ದೆ. ಧರ್ಮಪುರದ ಕಡೆಯಿಂದ ವರದಿಗೆಂದು ಬಂದವರು ಕಾದು ಕಾದು, ಬಸ್ಸು ತಪ್ಪುತ್ತದೆಂದು ಬರಿಗೈಯಲ್ಲಿ ಹೋದರು.

ಎರಡೂವರೆಗೆ ನಾನು ಮತ್ತೆ ಸೇರಿಕೊಂಡು ನೋಡುವಾಗ ಡಾಕ್ಟರು ಫೋನಿನಲ್ಲಿದ್ದರು. ಅವರಿಗೆ ಸಿಟ್ಟು ಬಂದಿತ್ತು. ಅಕ್ಕ ಟೇಬಲ್ ಒರೆಸುವಾಗ ಪರದೆ ಮುಚ್ಚಿರಬೇಕು ಎಂದು ಟೆಕ್ನಿಷಿಯನ್ ಹೇಳುತ್ತಿದ್ದಾನಂತೆ.

"ಹೌದೇನ್ರಿ? ಒರಸೋವಾಗ ಮುಚ್ಚಿರ್ತಾಳಾ?"

"ಆಗಿರಬಹುದು ಸರ್," ಎಂದೆ.

ಆ ಮಾತು ಹೇಳುವಾಗ ನನಗೆ ನಿಜ ಗೊತ್ತಿತ್ತೇ? ಗೊತ್ತಿರಲಿಲ್ಲ, ಯಾವಾಗ ಏನಾಯಿತೆಂದು ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ಓದಿದ್ದು ಆಮೇಲೆ ಎಂದು ನನ್ನ ನೆನಪು ಹೇಳುತ್ತದೆ. ಫೋನ್ ಇಟ್ಟು, ಕುರ್ಚಿ ಎಳೆದುಕೊಂಡು, ನನ್ನದೇ ಲಾಗ್ ಔಟಿನ ಹೊತ್ತು ಅಲ್ಲಿ ಕಂಡು ಬೆಚ್ಚಿಬಿದ್ದ ಚಿತ್ರ ಸ್ಪಷ್ಟವಾಗಿದೆ. ಆದರೆ ಅಳಿಸಬೇಕಾದ ಫೈಲು ಯಾವುದೆಂದು ಹೇಳುವುದೇ ಆ ಲಾಗ್. ಅದನ್ನು ಓದದೆ ನಾನು ಸರಿ ಮಾಡುವಂತಿರಲಿಲ್ಲ. ಡಾಕ್ಟರು ಆ ಪ್ರಶ್ನೆ ಕೇಳುವ ಮುಂಚೆ "ಬಂತ್ರಿ, ಬಂತು" ಎಂದದ್ದು ನನಗೆ ಕೇಳಿಸಿದೆ. ಅಂದರೆ ಆ ಹೊತ್ತಿಗೆ ಸರಿ ಮಾಡಿ ಆಗಿತ್ತು. ಅಂದರೆ ಓದಿಯೂ ಆಗಿತ್ತು. ಕುರ್ಚಿ ಎಳೆದುಕೊಂಡ ಚಿತ್ರವನ್ನು ನಾನು ಯಾವಾಗ ಮಾಡಿಕೊಂಡೆನೋ ತಿಳಿಯದು.

ಮಾರನೆಯ ದಿನದಿಂದ ಅಕ್ಕನನ್ನು ವಾರ್ಡಿನ ಕೆಲಸಕ್ಕೆ ಕಳಿಸಿದರು. ಹಾಸಿಗೆ ಬಟ್ಟೆ ಬದಲಿಸುವುದು, ಬೆಡ್‌ಪ್ಯಾನ್, ನೆಲ. ಕುರ್ಚಿಗೆ ಡಿಪ್ಲೊಮಾ ಓದಿದ ಒಬ್ಬಳು ಬಂದಳು.

ಹತ್ತು ದಿನದ ಮೇಲೆ ನಾನು ಹಿರಿಯೂರಿಗೆ ಹೋಗಿ ಡೇಟಾಬೇಸನ್ನು ಸರ್ವಿಸ್ ಮಾಡಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಡಾಕ್ಟರು ಹೊಗಳಿ ಟೀ ತರಿಸಿದರು. ಅಕ್ಕ ಬಕೆಟ್ ಹಿಡಿದು ಹಾದುಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ಕಂಪ್ಯೂಟರ್ ಕಡೆ ನೋಡಿದರು.

"ಕರೇ ಪರದೆ ಎಲ್ಲೋತು ಮೇಡಂ?"

ಈಗ ಅದು ಒಳಗೇ ಓಡುತ್ತದೆ, ಕಾಣುವುದಿಲ್ಲ ಎಂದೆ.

"ಯಾರೂ ಮುಚ್ಚಕ್ಕಾಗಲ್ವಾ?"

ಆಗುವುದಿಲ್ಲ ಎಂದೆ.

"ಮೊದ್ಲೇ ಹಿಂಗ್ ಮಾಡಿದ್ರೆ ಚೆನ್ನಾಗಿತ್ತು," ಎಂದು ಬಕೆಟ್ ಎತ್ತಿಕೊಂಡರು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದ್ದು. ನಾನು ಟೀ ಮುಗಿಸಿದೆ.

ಅಲ್ಲಿಂದ ನಾಲ್ಕು ತಿಂಗಳು ಸುಮ್ಮನಿದ್ದೆ. ಸರ್ವಿಸ್ ಒಮ್ಮೆಯೂ ನಿಲ್ಲಲಿಲ್ಲ, ಆಸ್ಪತ್ರೆಯಿಂದ ಫೋನೂ ಬರಲಿಲ್ಲ. ತರಗತಿಯಲ್ಲಿ ಆ ಪಾಠ ಮತ್ತೆ ಬಂದಾಗ ಬೋರ್ಡಿನ ಮೇಲೆ ಬರೆಯುತ್ತಾ ಮಧ್ಯದಲ್ಲಿ ನಿಂತುಬಿಟ್ಟೆ. ಆ ಭಾನುವಾರ ಐಮಂಗಲಕ್ಕೆ ಹೋದೆ.

ಅಕ್ಕ ಮನೆಯ ಮುಂದೆ ಶೇಂಗಾ ಸುಲಿಯುತ್ತಿದ್ದರು. ಒಳಗೆ ಕರೆದು ಚಾಪೆ ಹಾಸಿದರು, ಕುಂತ್ಕಳ್ರಿ ಎಂದರು, ಮಜ್ಜಿಗೆ ಕೊಟ್ಟರು. ಲೋಟ ಕೈಯಲ್ಲಿ ಹಿಡಿದೇ ಹೇಳಿದೆ. ಪರದೆ ಮುಚ್ಚಿದ್ದು ನಾನು, ಹೊಳಲ್ಕೆರೆಯಲ್ಲಿ ಕೂತು. ಅವತ್ತೇ ಗೊತ್ತಾಗಿತ್ತು, ಹೇಳಲಿಲ್ಲ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು.

"ಇಲ್ಲ ಮೇಡಂ, ನಾನೇ ಮುಚ್ಚಿದ್ದು. ಬಟ್ಟೆ ಹಿಡ್ಕಂಡಿದ್ದ ಕೈ ಮೌಸ್ ಮ್ಯಾಲೆ ಹೋತು, ಟಕ್ ಅಂತು. ಕಣ್ಣಿಗೆ ಕಟ್ಟಿದಂಗೈತೆ."

"ನೀವು ಆವಾಗ ಕೌಂಟರಲ್ಲೇ ಇರಲಿಲ್ಲ ಅಕ್ಕ. ಮೇಲಿನ ವಾರ್ಡಿಗೆ ಸ್ಯಾಂಪಲ್ ತರೋಕೆ ಹೋಗಿದ್ರಿ. ಸರ್ವಿಸ್ ಮಾಡೋಕೆ ಬಂದಾಗ ವಾರ್ಡಿನ ರಿಜಿಸ್ಟರ್ ನೋಡಿದೆ, ನಿಮ್ಮ ಸಹಿ ಇದೆ, ಹೊತ್ತೂ ಇದೆ."

ಅವರು ಬಲಗೈಯನ್ನು ಮಗುಚಿ ನೋಡಿಕೊಂಡರು. ಅಂಗೈಗೆ ಶೇಂಗಾದ ಕೆಂಪು ಸಿಪ್ಪೆ ಅಂಟಿತ್ತು.

"ಹಂಗಾದ್ರೆ ನಂಗ್ಯಾಕೆ ನೆನಪೈತೆ?"

ಅವರೇ ಹೇಳುತ್ತಾ ಹೋದರು. ಮೊದಲ ದಿನ ತಾನು ಮುಟ್ಟಿಲ್ಲವೆಂದು ಅತ್ತಿದ್ದರಂತೆ. ಎಲ್ಲರೂ ಹೇಳಿದ್ದಕ್ಕೆ, ಅದರಲ್ಲೂ ಮೇಡಂ ಕೂಡ ಹಾಗೇ ಅಂದರೆಂದು ಡಾಕ್ಟರು ಹೇಳಿದ್ದಕ್ಕೆ, ಕುಳಿತು ಯೋಚಿಸುತ್ತಾ ಹೋದಂತೆ ನೆನಪಾಯಿತಂತೆ. ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ. ಇನ್ನೊಬ್ಬರ ತಲೆಯಲ್ಲಿ ನಾನು ಒಂದು ನೆನಪು ಹುಟ್ಟಿಸಿಬಿಡಬಹುದು ಎಂದು ಹೊಳೆದೇ ಇರಲಿಲ್ಲ.

ಕೊನೆಗೆ ಅವರು ಕೇಳಿದ್ದು ಒಂದೇ.

"ಇದನ್ನ ಡಾಕ್ಟ್ರ ಮುಂದೆ ಹೇಳ್ತೀರಾ?"

ಸೋಮವಾರ ಕಾಲೇಜಿಗೆ ರಜೆ ಹಾಕಿ ಹಿರಿಯೂರಿಗೆ ಹೋದೆ. ಡಾಕ್ಟರ ಕೋಣೆಯಲ್ಲಿ ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ನಾನು ಹೇಳಿದೆ. ಡಾಕ್ಟರು ನಕ್ಕುಬಿಟ್ಟರು. ಹಳೇ ಮಾತು ಬಿಡ್ರಿ, ಈಗ ಎಲ್ಲ ಚೆನ್ನಾಗಿ ನಡೀತೈತಲ್ಲ ಎಂದರು. ಕುರ್ಚಿಯ ವಿಚಾರ ಎತ್ತಿದೆ. ಈಗ ಇರುವವಳನ್ನು ಎಬ್ಬಿಸುವುದು ಹೇಗೆ, ಮುಂದೆ ನೋಡೋಣ ಎಂದರು. ಆ ಮುಂದೆ ಇನ್ನೂ ಬಂದಿಲ್ಲ.

ಇಷ್ಟಕ್ಕೆ ಮುಗಿಯಿತೆಂದು ನಾನು ಬ್ಯಾಗ್ ತೆಗೆದುಕೊಂಡೆ. ಅಕ್ಕ ಬಾಗಿಲಿಗೆ ಅಡ್ಡವಾಗಿ ಕೈ ಹಿಡಿದರು.

"ಒಂದ್ ನಿಮಿಷ ಇರ್ರಿ ಮೇಡಂ."

ಹೊರಗೆ ಹೋಗಿ ಟೆಕ್ನಿಷಿಯನ್ನನ್ನೂ ಕೌಂಟರಿನ ಹುಡುಗಿಯನ್ನೂ ಕರೆದುಕೊಂಡು ಬಂದರು. ಅವನ ಕೈಯಲ್ಲಿ ಇನ್ನೂ ಗ್ಲೌಸ್ ಇತ್ತು.

"ಇವ್ರು ಇರ್ಲಿಲ್ಲ," ಎಂದರು ಅಕ್ಕ. "ಈಗ ಹೇಳ್ರಿ."

ಮೊದಲಿನಿಂದ ಮತ್ತೆ ಹೇಳಿದೆ.