ಉದ್ದವ್ವನ ಪಗಾರ

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆಗೆ ನಾನು ಮಾಸ್ತರನಾಗಿ ಹೋದದ್ದು ೧೯೫೭ರಲ್ಲಿ. ನಾನು ಬಾಡಿಗೆಗೆ ಹಿಡಿದ ಕೋಣೆಯ ಎದುರಿಗೇ ಉದ್ದವ್ವನ ಮನೆಯಿತ್ತು. ಆಗ ಆಕೆಗೆ ಮೂವತ್ತರ ಆಸುಪಾಸು. ಗಂಡ ಲಗಮಣ್ಣ ಗೋಕಾಕದ ಪೇಟೆಗೆ ಬೆಲ್ಲದ ಚಕ್ಕಡಿ ಹೊಡೆಯುತ್ತಿದ್ದುದರಿಂದ ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುತ್ತಿರಲಿಲ್ಲ. ಅತ್ತೆ ಯಮನವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿ ಹನ್ನೊಂದು ವರ್ಷಗಳಾಗಿದ್ದವು. ಆ ಹನ್ನೊಂದು ವರ್ಷವೂ ಮುದುಕಿಯನ್ನು ಎತ್ತಿ, ಇಳಿಸಿ, ತೊಳೆದು, ಉಣಿಸಿದವಳು ಉದ್ದವ್ವನೇ. ಮದುವೆಯಾಗಿ ಬಂದ ಮೊದಲ ವರ್ಷ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳಂತೆ. ಕೂಲಿಯ ರೊಕ್ಕವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು, ಅದೇ ಕೊನೆ.

ಯಮನವ್ವನ ಬಾಯಿಗೆ ಮಾತ್ರ ಲಕ್ವಾ ತಗುಲಿರಲಿಲ್ಲ. ಬೆಳಗ್ಗೆ ಸ್ನಾನದ ಹೊತ್ತಿಗೆ ಆಕೆಯ ಮಾತು ಓಣಿಗೆಲ್ಲ ಕೇಳುತ್ತಿತ್ತು.

"ನೀರ ಎಷ್ಟ ಕಾಸಿಯೇ? ನನ್ನ ಕೋಳಿ ಅಂತ ತಿಳದೀ ಏನ, ಪುಚ್ಚ ಸುಲ್ಯಾಕ?"

ಉದ್ದವ್ವ ತಣ್ಣೀರು ಬೆರೆಸುತ್ತಿದ್ದಳು. ಆಗ "ಸಾಯಿಸಾಕ ತಣ್ಣೀರ ಹಾಕತೀ" ಎಂದು ಇನ್ನೊಂದು ಬೈಗುಳ ಬರುತ್ತಿತ್ತು.

ಹೀಗಿರುವಾಗ ನಮ್ಮ ಪಂಚಾಯತಿಯವರು ಒಂದು ಹೊಸ ಕೆಲಸ ಮಾಡಿದರು. ಊರ ಕಾವಲು ಕಾಯುವ ವಾಲೀಕಾರನಾಗಿದ್ದ ಅಲ್ಲಪ್ಪನೆಂಬ ಮುದುಕ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ, ಸಂತೆಯ ಕರದ ಹಣದಲ್ಲಿ ತಿಂಗಳಿಗೆ ಹದಿನೈದು ರೂಪಾಯಿ ಪಗಾರ ಕೊಡಬೇಕೆಂದು ಅಧ್ಯಕ್ಷ ಪಾಯಪ್ಪನವರು ಹೇಳಿದರು. ಜೈನ ಮನೆತನದ ಪಾಯಪ್ಪನವರು ಲೆಕ್ಕದಲ್ಲಿ ಗಟ್ಟಿ, ಮನಸ್ಸಿನಲ್ಲಿ ಮೆತ್ತಗೆ.

"ಗಟಾರ ಕಟ್ಟಸೂದ ಬಿಟ್ಟ ಮುದುಕರ ಮ್ಯಾಲೆ ರೊಕ್ಕ ಸುರಿಯೂದೇನ್ರಿ?" ಎಂದು ಒಬ್ಬ ಸದಸ್ಯ ಕೇಳಿದ.

"ಸುರಿದ ರೊಕ್ಕ ಎಲ್ಲಿ ಹೋಗತೈತೋ? ಇದ ಊರಾಗ ತಿರಗತೈತಿ" ಎಂದರು ಪಾಯಪ್ಪನವರು.

ಪಂಚಾಯತಿಯ ನಿರ್ಣಯದ ಠರಾವನ್ನು ಬರೆದವನು ನಾನೇ. ಹಾಸಿಗೆ ಹಿಡಿದಿರಬೇಕು, ಹಗಲು ಹೊತ್ತು ಮನೆಯಲ್ಲಿ ನೋಡುವವರು ಇರಬಾರದು. ಅಂಥವರಿಗೆ ಈ ಸೌಲಭ್ಯ. ಕೊನೆಗೆ ಇನ್ನೊಂದು ಸಾಲು: ಸ್ವಂತ ಮನೆಯವರನ್ನು ನೋಡಿಕೊಂಡರೆ ಪಗಾರವಿಲ್ಲ. ಆ ಸಾಲನ್ನು ಬರೆಯುವಾಗ ನನ್ನ ಕೈ ತಡೆಯಲಿಲ್ಲ. ತಡೆಯಬೇಕಾಗಿತ್ತೆಂದು ಆಮೇಲೆ ಅನ್ನಿಸಿತು.

ಆ ಕೆಲಸ ಸಿಕ್ಕಿದ್ದು ಉದ್ದವ್ವನ ಗೋಡೆಗೆ ಗೋಡೆ ಹತ್ತಿದ ಮನೆಯ ಕಾಡವ್ವನಿಗೆ. ಆಕೆ ವಿಧವೆ, ನಗುಮೊಗದವಳು. ಅಲ್ಲಪ್ಪನನ್ನು ತನ್ನ ಮನೆಯ ಪಡಸಾಲೆಗೇ ತಂದು ಇಟ್ಟುಕೊಂಡಳು. ಮೊದಲ ಪಗಾರ ಬಂದಾಗ ಬಾಬಾಸಾಹೇಬನ ಅಂಗಡಿಯಿಂದ ವಾಸನೆಯ ಸಾಬೂನು ತಂದಳು. ಎರಡನೆಯ ತಿಂಗಳು ಹಗ್ಗ ಹೊಸೆಯುವ ದುರ್ಗಪ್ಪನಿಂದ ಅಲ್ಲಪ್ಪನಿಗೊಂದು, ತನಗೊಂದು ಹೊರಸು ಹೆಣೆಸಿದಳು. ಮೂರನೆಯ ತಿಂಗಳು ಹಸಿರು ಇಳಕಲ್ ಸೀರೆ. ದುರ್ಗಪ್ಪ ಆ ಹೊರಸಿನ ರೊಕ್ಕದಿಂದ ಮನೆಯ ಮೇಲೆ ಹೊಸ ಹಂಚು ಹೊದಿಸಿದ. ಬಾಬಾಸಾಹೇಬ ಸಾಬೂನಿನ ಪೆಟ್ಟಿಗೆಯನ್ನೇ ತರಿಸಿದ. ಪಾಯಪ್ಪನವರು ಹೇಳಿದಂತೆ ಆ ಹದಿನೈದು ರೂಪಾಯಿ ಓಣಿಯಿಂದ ಓಣಿಗೆ ತಿರುಗುತ್ತಿತ್ತು. ಉದ್ದವ್ವನ ಮನೆಯೊಂದನ್ನು ಬಿಟ್ಟು.

ಅವಳ ಹೊಟ್ಟೆಕಿಚ್ಚನ್ನು ನಾನು ದಿನವೂ ನೋಡುತ್ತಿದ್ದೆ. ಕಾಡವ್ವ ಹಸಿರು ಸೀರೆ ಉಟ್ಟು ನೀರಿಗೆ ಹೊರಟರೆ, ಈಕೆ ತುಂಬಿದ ಕೊಡವನ್ನು ಬಚ್ಚಲಿಗೆ ಸುರಿದು ಖಾಲಿ ಕೊಡ ಹಿಡಿದು ಹಿಂದೆ ಹೋಗುತ್ತಿದ್ದಳು. ಸೀರೆಯನ್ನು ಹತ್ತಿರದಿಂದ ನೋಡಬೇಕಲ್ಲ!

ಒಂದು ದಿನ ಸಂಜೆ ನನ್ನ ಕಟ್ಟೆಗೆ ಬಂದು ಕುಳಿತಳು.

"ಮಾಸ್ತರ, ಒಂದ ಮಾತ ಕೇಳಲೇನ್ರಿ? ಅಲ್ಲಪ್ಪ ಕಾಕಾನ ಹಾಸಿಗಿ ಬ್ಯಾರೆ, ನಮ್ಮತ್ತಿ ಹಾಸಿಗಿ ಬ್ಯಾರೆ ಐತೇನ್ರಿ? ಆಕಿ ತೊಳದ್ರ ಪಗಾರ. ನಾ ತೊಳದ್ರ?"

"ನಿನ್ನದು ಕರ್ತವ್ಯ ಉದ್ದವ್ವ" ಎಂದೆ. ಮಾಸ್ತರರ ಬಾಯಿಗೆ ಇಂಥ ಮಾತು ಬೇಗ ಬರುತ್ತದೆ.

"ಕರ್ತವ್ಯಕ್ಕ ಬಾಬಾಸಾಹೇಬ ಸಾಬೂನ ಕೊಡತಾನೇನ್ರಿ?"

ಉಪಾಯವನ್ನು ಅವಳೇ ಹುಡುಕಿಕೊಂಡು ಬಂದಿದ್ದಳು. ಆ ಸೀಮೆಯಲ್ಲಿ ಮುಯ್ಯಾಳಿನ ಪದ್ಧತಿಯುಂಟು. ಇಂದು ನಿನ್ನ ಹೊಲದ ಕಳೆಗೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀನು ಬರಬೇಕು.

"ನಾ ಅಲ್ಲಪ್ಪ ಕಾಕಾನ್ನ ನೋಡತೇನಿ. ಕಾಡವ್ವ ನಮ್ಮತ್ತೀನ್ನ ನೋಡಲಿ. ಹಗಲ ನಾ ಮನ್ಯಾಗ ಇರೂದಿಲ್ಲ. ನಿಮ್ಮ ಕಾಯ್ದೆ ಬರೋಬರಿ ಆತಲ್ರಿ? ಮುಯ್ಯಿಗೆ ಮುಯ್ಯಿ. ಬರೀರಿ ಅರ್ಜಿ."

ನಾನು ಬರೆದೆ. ಪಾಯಪ್ಪನವರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೊಟ್ಟೆ ಹಿಡಿದು ನಕ್ಕರು. "ಒಂದ ಪಗಾರ ಇದ್ದದ್ದ ಎರಡ ಆತು, ಕೆಲಸ ಮಾತ್ರ ಅಷ್ಟ ಐತಿ! ಈ ಹೆಣ್ಣಮಗಳನ್ನ ಪಂಚಾಯತಿಗೆ ಆರಿಸಿ ತರಬೇಕ್ರಿ ಮಾಸ್ತರ" ಎಂದು ಸಹಿ ಮಾಡಿದರು.

ಮೊದಲ ಪಗಾರವನ್ನು ಉದ್ದವ್ವ ಸೆರಗಿನ ತುದಿಗೆ ಕಟ್ಟಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ಮೂರು ಸಲ ಓಡಾಡಿದಳು. ಹಸಿರಲ್ಲ, ಕೆಂಪು ಸೀರೆ ತಂದಳು. ಅತ್ತೆಗೂ ಒಂದು ಮೆತ್ತನೆಯ ದುಪ್ಪಟಿ ತಂದಳು. ಇನ್ನು ಎಲ್ಲವೂ ಸುಖವಾಯಿತೆಂದು ನಾನು ತಿಳಿದೆ.

ಆದರೆ ಹದಿನೈದು ದಿನಗಳಲ್ಲಿ ಹೊಸ ಕಿಚ್ಚು ಹತ್ತಿತು. ಗೋಡೆಯ ಈಚೆ ಅಲ್ಲಪ್ಪನಿಗೆ ರೊಟ್ಟಿ ಮುರಿದು ಕೊಡುತ್ತ ಕುಳಿತ ಉದ್ದವ್ವನಿಗೆ, ಆಚೆಯಿಂದ ನಗು ಕೇಳಿಸಿತು. ಯಮನವ್ವನ ನಗು. ಹನ್ನೊಂದು ವರ್ಷಗಳಲ್ಲಿ ಆಕೆ ಕೇಳದ ನಗು. ಮುದುಕಿ ಕಾಡವ್ವನಿಗೆ ತನ್ನ ತವರಿನ ಕಥೆ ಹೇಳುತ್ತಿದ್ದಳು. ಹುಕ್ಕೇರಿಯ ಕಡೆ ಹುಡುಗಿಯಾಗಿದ್ದಾಗ ಹುಣಸೆಮರದ ಮೇಲೆ ಅಡಗಿ ಕುಳಿತು, ನೋಡಲು ಬಂದ ವರನ ಪೇಟದ ಮೇಲೆ ಕಾಯಿ ಒಗೆದದ್ದು. "ಮಗಳ" ಎಂದು ಕರೆಯುತ್ತಿದ್ದಳು. ಬಿಸಿನೀರಿನ ಮಾತೇ ಇರಲಿಲ್ಲ.

ಇತ್ತ ಅಲ್ಲಪ್ಪನೋ, "ಕಾಡವ್ವನ ರೊಟ್ಟಿ ಎಲಿ ಹಾಂಗ ಇರತಿತ್ತವಾ" ಎಂದು ದಿನವೂ ನೆನೆಯುತ್ತಿದ್ದ.

"ಹಂಗಾರ ಎಲಿನ ತಿನ್ನ, ಬೇವಿನ ಗಿಡ ಬಾಗಲದಾಗ ಐತಿ" ಎಂದಳು ಉದ್ದವ್ವ.

ಅವಳು ಒಣಗತೊಡಗಿದಳು. ಕೆಂಪು ಸೀರೆಯನ್ನು ಉಡಲಿಲ್ಲ. ಒಂದು ಮಧ್ಯಾಹ್ನ ಶಾಲೆಗೇ ಬಂದು, ಮಕ್ಕಳ ಮುಂದೆಯೇ, "ಮಾಸ್ತರ, ಅರ್ಜಿ ವಾಪಸ್ ಬರೀರಿ. ನನಗ ಪಗಾರ ಬ್ಯಾಡ, ನಮ್ಮತ್ತಿ ಬೇಕು" ಎಂದಳು.

ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಅವಳನ್ನು ಕರೆದುಕೊಂಡು ಮನೆಗೆ ನಡೆದೆ. "ಮೊದಲು ಅತ್ತೆಯನ್ನು ಕೇಳೋಣ" ಎಂದೆ. ಕಾಡವ್ವ ಯಮನವ್ವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಉದ್ದವ್ವ ಹೊಸ್ತಿಲಲ್ಲಿಯೇ ನಿಂತು ಕೇಳಿದಳು.

"ಅತ್ತಿ, ಖರೆ ಹೇಳ್ರಿ. ನಾ ಏನ ಕಡಿಮಿ ಮಾಡಿದ್ನಿ? ಈಕಿ ಕೂಡ ನಗತೀರಿ, ನನಗ ಬೈತಿದ್ರಿ."

ಮುದುಕಿ ಗೋಡೆಯತ್ತ ಮುಖ ತಿರುಗಿಸಿದಳು.

"ಈಕೀಗಿ ಪಂಚಾಯತಿ ಕೊಡತೈತಿ. ಹೊಲಸ ಬಳದ್ರ ಬಳದಾಳು, ಪಗಾರ ತಗೋತಾಳ; ನನಗ ಭಾರ ಇಲ್ಲ. ನಿನಗ ಯಾರ ಕೊಡತಿದ್ರು? ಹದಿನೆಂಟ ವರ್ಷದ ಹುಡುಗಿ ಬಂದಿದ್ದಿ, ನನ್ನ ಹೇಲ ಬಳ್ಯಾಕ ಹತ್ತಿದಿ. ನೀ ಮುಟ್ಟಿದಾಗೊಮ್ಮೆ ನನ್ನ ಜೀವ ಹಿಡಿ ಆಗತಿತ್ತು. ಸುಮ್ನ ಇದ್ರ ಅಳು ಬರತಿತ್ತವಾ. ಅದಕ್ಕ ಬೈತಿದ್ನಿ."

ಉದ್ದವ್ವ ಮೂಗು ಒರೆಸಿಕೊಂಡಳು. ಬಳಿಕ ಕಾಡವ್ವನತ್ತ ತಿರುಗಿದಳು.

"ತೊಳೆಯೂದು ಎತ್ತೂದು ನೀನ ಮಾಡ. ಉಣಸೂದು, ತಲಿ ಬಾಚೂದು ಇನ್ನ ಮ್ಯಾಲೆ ನಂದು."

"ಅಬಬಾ! ಹೊಲಸಿನ ಕೆಲಸ ನನಗ, ಹೂವಿನ ಕೆಲಸ ನಿನಗ?"

"ಪಗಾರ ತಗೋತೀ ಇಲ್ಲೋ?"

"ನೀನೂ ತಗೋತೀಯಲ್ಲ!"

"ಅದು ಅಲ್ಲಪ್ಪ ಕಾಕಾಂದು. ಇದಕ್ಕ ಪಗಾರಿಲ್ಲ. ಅದಕ್ಕ ನಂದು."

ಅರ್ಜಿ ಬರೆಯುವ ಪ್ರಸಂಗ ಬರಲಿಲ್ಲ. ಅತ್ತೆಯನ್ನು ಮರಳಿ ಪಡೆಯಲು ಪಗಾರ ಬಿಡಬೇಕೆಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಇಬ್ಬರ ಎಣಿಕೆಯೂ ತಪ್ಪಾಗಿತ್ತು. ಕೆಲಸ ಅಷ್ಟೇ ಇದ್ದು ಪಗಾರ ಎರಡಾಯಿತೆಂದು ಪಾಯಪ್ಪನವರು ಆಮೇಲೆಯೂ ನಗುತ್ತಿದ್ದರು. ಆ ಎರಡನೆಯ ಪಗಾರದಿಂದ ಒಬ್ಬ ಮುದುಕಿಯ ನಾಚಿಕೆ ಇಳಿಯಿತೆಂಬುದನ್ನು ಯಾವ ಠರಾವಿನಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಅಂದು ಸಂಜೆ ನನ್ನ ಕಟ್ಟೆಯಿಂದ ಅವರ ಪಡಸಾಲೆ ಕಾಣುತ್ತಿತ್ತು. ಉದ್ದವ್ವ ಅತ್ತೆಯ ಬಿಳಿಗೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಮುದುಕಿ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಹಿರಣ್ಯಕೇಶಿ ಹೊಳೆಯಲ್ಲಿ ಈಸಾಡಲು ಹೋಗಿ ಕಾಲ್ಗಡಗ ಕಳೆದುಕೊಂಡ ಕಥೆ ತುಣುಕು ತುಣುಕಾಗಿ ನನಗೂ ಕೇಳಿಸಿತು. ಉದ್ದವ್ವ ಬಾಚಣಿಗೆಯನ್ನು ತಡೆದು ಹಿಡಿದಳು.

"ಇದನ್ನ ಕಾಡವ್ವಗ ಹೇಳೀರೇನ್ರಿ?"

"ಇಲ್ಲವಾ."

"ಹೇಳಬ್ಯಾಡ್ರಿ" ಎಂದು ಉದ್ದವ್ವ ಮತ್ತೆ ಬಾಚತೊಡಗಿದಳು.