ಅಕ್ಕನ ಓಟಿನ ದಾರಿ

ಬೆಳಿಗ್ಗೆ ಕಡೂರಿನಲ್ಲಿ ನನ್ನ ಓಟು ಹಾಕಿ, ಬೆರಳಿನ ಶಾಯಿ ಆರುವ ಮೊದಲೇ ತರೀಕೆರೆ ಬಸ್ಸು ಹತ್ತಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ತೋರಿಸಿ ಕಿಟಕಿ ಪಕ್ಕ ಕೂತೆ. ಬೀರೂರು ದಾಟುವಷ್ಟರಲ್ಲೇ ಸೆಕೆ ಶುರುವಾಗಿತ್ತು.

ತರೀಕೆರೆಯಲ್ಲಿ ನನ್ನಕ್ಕ ಸರೋಜ ಸಣ್ಣದೊಂದು ಮೆಸ್ ನಡೆಸುತ್ತಾಳೆ. ಅವಳ ಓಟು ಮಾತ್ರ ಇನ್ನೂ ಗಂಡನ ಊರಿನಲ್ಲಿದೆ, ಅಜ್ಜಂಪುರ ದಾಟಿ ಶಿವನಿ ಹತ್ತಿರ. ಭಾವ ತೀರಿಕೊಂಡು ತರೀಕೆರೆಗೆ ಬಂದ ಮೇಲೆ ಅವಳು ಒಮ್ಮೆಯೂ ಓಟು ಹಾಕಿರಲಿಲ್ಲ. ಮನಸ್ಸಿರಲಿಲ್ಲ ಅಂತಲ್ಲ. ಪ್ರತಿ ಚುನಾವಣೆಗೂ ಹೋಗ್ತೀನಿ ಅನ್ನುವಳು. ಬೆಳಿಗ್ಗೆ ಇಡ್ಲಿ ಮುಗಿದು ಮಧ್ಯಾಹ್ನದ ಅನ್ನಕ್ಕೆ ಎಸರಿಟ್ಟರೆ ಅಲ್ಲಿಗೆ ಮುಗಿಯಿತು.

ನಾನು ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋದಾಗ ಆಸ್ಪತ್ರೆಗೆ ಬರ್ತೀರಾ ಎಂದು ಕೇಳಿ ಸುಮ್ಮನಾಗುವುದಿಲ್ಲ. ನೋವು ಬಂದಾಗ ಯಾರ ಗಾಡಿ, ಜೊತೆಗೆ ಯಾರು, ಮನೆಯಲ್ಲಿರುವ ಮಗು ಯಾರ ಹತ್ತಿರ ಎಂದೂ ಕೇಳುತ್ತೇನೆ. ಅದನ್ನೆಲ್ಲ ಬಾಯಿಬಿಟ್ಟು ಹೇಳಿದವರು ಸಾಮಾನ್ಯವಾಗಿ ಬಂದೇ ಬರುತ್ತಾರೆ. ಹೋದ ವಾರ ಅಕ್ಕನಿಗೂ ಫೋನಿನಲ್ಲಿ ಹಾಗೇ ಕೇಳಿದೆ. ಎಷ್ಟೊತ್ತಿಗೆ ಹೊರಡ್ತೀಯ, ಯಾವ ಬಸ್ಸು, ಬಸ್ಸಿಲ್ಲದಿದ್ದರೆ ಏನು? ಮೊದಲು ಸಿಡುಕಿದಳು. ಆಮೇಲೆ ಯೋಚಿಸಿ ಯೋಚಿಸಿ ಒಂದೊಂದೇ ಹೇಳಿದಳು. ಕೊನೆಗೆ ಅಂದಳು:

"ಒಲೆ ಹಚ್ಚಿದ್ರೆ ನಾನು ಹೊರಡಲ್ಲ ಕಣೇ. ಆವತ್ತು ಒಲೇನೇ ಹಚ್ಚಲ್ಲ. ನೀನು ಬಂದು ಕರ್ಕಂಡು ಹೋಗು."

ನಾನು ಹೋದಾಗ ಮೆಸ್ಸಿನ ಬಾಗಿಲು ಮುಚ್ಚಿತ್ತು. ಅಕ್ಕ ಗಂಜಿ ಹಾಕಿದ ಸೀರೆ ಉಟ್ಟು, ರಾತ್ರಿಯೇ ಕಲಸಿಟ್ಟ ಚಿತ್ರಾನ್ನದ ಬುತ್ತಿ ಹಿಡಿದು ಹೊರಗೇ ನಿಂತಿದ್ದಳು. ದಿನವೂ ಊಟಕ್ಕೆ ಬರುವವರಿಗೆಲ್ಲ ಹಿಂದಿನ ದಿನವೇ ಹೇಳಿಯಾಗಿತ್ತಂತೆ.

ಅಜ್ಜಂಪುರಕ್ಕೆ ಖಾಸಗಿ ಬಸ್ಸು ಸಿಕ್ಕಿತು. ಇಬ್ಬರ ಟಿಕೆಟ್ಟೂ ಅಕ್ಕನೇ ತೆಗೆಸಿದಳು. ತರೀಕೆರೆಯ ಹಸಿರು ಹಿಂದೆ ಉಳಿದು, ಉತ್ತು ಬಿಟ್ಟ ಎರೆಹೊಲಗಳು ಬಂದವು. ಬಿಸಿಗಾಳಿಗೆ ಅಕ್ಕ ಸೆರಗು ತಲೆಗೆಳೆದುಕೊಂಡಳು.

ಅಜ್ಜಂಪುರದಲ್ಲಿ ಇಳಿದರೆ ಶಿವನಿ ಕಡೆಗೆ ಬಸ್ಸೇ ಇಲ್ಲ. ಬಹಳಷ್ಟು ಬಸ್ಸು ಚುನಾವಣೆ ಡ್ಯೂಟಿಗೆ ಹೋಗಿದ್ದವು. ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಒಳಗಿದ್ದವರು ಒಂದು ಪಕ್ಷದ ಕಡೆಯವರು. ಅಕ್ಕನ ಗುರುತು ಹಿಡಿದು, ಬನ್ನಿ ಹತ್ತಿ, ಬೂತಿನ ಬಾಗಿಲಿಗೇ ಬಿಡುತ್ತೇವೆ ಎಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹತ್ತುವ ಆಸೆಯೇ ಆಯಿತು. ಅಕ್ಕ ಬೇಡವೆಂದಳು. ಜೀಪು ಹೋದ ಮೇಲೆ ಮೆಲ್ಲಗೆ ಅಂದಳು:

"ಅವರ ಗಾಡೀಲಿ ಹೋದ್ರೆ ಅವರ ಓಟು ಅಂತಾರೆ. ರುದ್ರಪ್ಪಂಗೆ ಫೋನ್ ಮಾಡು."

ರುದ್ರಪ್ಪ ಅವಳ ಮೆಸ್ಸಿಗೆ ತೆಂಗಿನಕಾಯಿ ತರುವ ಶಿವನಿ ಕಡೆಯವನು. ಬಸ್ಸಿಲ್ಲದಿದ್ದರೆ ಏನು ಎಂದು ನಾನು ಕೇಳಿದ್ದಕ್ಕೆ ಅವಳು ಅವನಿಗೆ ಮೊದಲೇ ಹೇಳಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಅವನ ಲಗೇಜ್ ಆಟೋ ಬಂತು. ಹಿಂದೆ ಗೋಣಿಚೀಲ ಹಾಸಿ ಕೂತೆವು. ತೆಂಗಿನ ತೋಟಗಳ ನಡುವೆ, ಹಳ್ಳ ಬಿದ್ದ ದಾರಿಯಲ್ಲಿ ಸೊಂಟ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಊರಿನ ಶಾಲೆ ಮುಂದೆ ಉದ್ದದ ಸಾಲಿತ್ತು. ಅಕ್ಕ ಹೆಂಗಸರ ಸಾಲಲ್ಲಿ ನಿಂತು, ಎಲ್ಲರ ಯೋಗಕ್ಷೇಮ ವಿಚಾರಿಸುತ್ತ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಮೈದುನ ಬಸವರಾಜ ಎದುರಾದ. ಭಾವ ಇದ್ದ ಕಾಲದಲ್ಲಿ ಮನೆಯ ಹೆಂಗಸರು ಯಾವ ಗುರುತಿಗೆ ಹಾಕಬೇಕೆಂದು ಹೇಳುತ್ತಿದ್ದವನು ಅವನೇ.

"ಯಾವುದಕ್ಕೆ ಒತ್ತಿದ್ರಿ ಅತ್ತಿಗೆ?"

"ಒತ್ತಿದ್ದು ನಾನು ಕಣಪ್ಪ. ಅಷ್ಟು ಗೊತ್ತಿದ್ರೆ ಸಾಕು."

ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದಳು. ಅವನು ನಮ್ಮನ್ನು ಮನೆಗೆ ಕರೆದೊಯ್ದು ಮಜ್ಜಿಗೆ ಕೊಡಿಸಿದ.

ಮರಳುವಾಗ ಅಕ್ಕ ಆಟೋದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಳು. ತೆಂಗಿನ ಮರಗಳು ಅಡ್ಡ ಬರುವ ತನಕ ಶಾಲೆಯನ್ನೇ ನೋಡುತ್ತಿದ್ದಳು. ಅಜ್ಜಂಪುರದಲ್ಲಿ ತರೀಕೆರೆ ಬಸ್ಸು ಹತ್ತಿದಾಗ ಕಂಡಕ್ಟರ್ ಬಂದು ಎಲ್ಲಿಗಮ್ಮಾ ಎಂದು ಕೇಳಿದ.

"ಓಟ್ ಹಾಕ್ಬಂದೆ ಕಣಪ್ಪಾ" ಎಂದಳು ಅಕ್ಕ.

ತರೀಕೆರೆಗೆ ಎರಡು ಟಿಕೆಟ್ಟು ನಾನೇ ಕೇಳಿದೆ.